ರೋಗಿಯ ಪರವಾಗಿ

ತಾಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಸಾಗಿಸುವ ಮುನ್ನ ರೋಗಿ ಎರಡು ಫೋನು ಕೇಳಿ, ಹೋಗುವುದೋ ಬೇಡವೋ ತಾನೇ ಹೇಳಬೇಕು. ಒಂದರಲ್ಲಿ ಹುಬ್ಬಳ್ಳಿಗೆ ಹೋದವನು, ಇನ್ನೊಂದರಲ್ಲಿ ಇಲ್ಲೇ ಉಳಿದವನು; ಎರಡರಲ್ಲೂ ಬರುವ ವರ್ಷದ ಅವನೇ ಮಾತಾಡುತ್ತಾನೆ. ಸತ್ತಿದ್ದರೆ ಫೋನು ಸುಮ್ಮನಿರುತ್ತದೆ.

"ಅವರಿಗೆ ಕೊಡಬ್ಯಾಡ್ರಿ ಸಿಸ್ಟರ್, ಎದಿ ಒಡಕೋತಾರ. ನಾನಽ ಕೇಳ್ತೀನಿ," ಎಂದಳು ನೀಲವ್ವ. ಲಕ್ವಾ ಹೊಡೆದ ಗಂಡ ಈರಬಸಪ್ಪ ಪಕ್ಕದಲ್ಲೇ ಮಲಗಿದ್ದ. ಎಲ್ಲರ ಮನೆಯವರೂ ಹೀಗೇ ಅನ್ನುವುದರಿಂದ ನರ್ಸು ಕೊಟ್ಟುಬಿಟ್ಟಳು.

ಉಳಿದವನ ಫೋನು ಸುಮ್ಮನಿತ್ತು. ಹೋದವನ ಫೋನಿನಲ್ಲಿ ಗಂಡನ ದನಿ: "ಬರಬ್ಯಾಡೋ. ಕೈಕಾಲು ತಿರುಗಿ ಬರಂಗಿಲ್ಲ. ಇಕಿ ಕೈತುತ್ತು ತಿಂದು ಬದುಕೂದಕ್ಕಿಂತ ಅಲ್ಲೇ ಸಾಯಿ."

ನೀಲವ್ವ ಫೋನು ಇಟ್ಟಳು.

"ಏನಂದೆ ನಾ?" ಈರಬಸಪ್ಪ ತೊದಲಿದ.

"ಆರಾಮ ಅದೀರಂತ. ನಾ ಭಾಳ ಚಲೋ ನೋಡ್ಕೊಳ್ಳಾಕತ್ತೀನಂತ," ಎಂದು ಅವನ ಬಾಯಿ ಒರೆಸಿ, ಆಂಬುಲೆನ್ಸಿನವನನ್ನು ಕೂಗಿದಳು.