ಐದನೆಯ ಹೆಸರು

ರಿಲೇಗೆ ನಾಲ್ವರು ಸಾಕು, ನಾನು ಐದನೆಯವಳು. ಮೂರು ವರ್ಷ ದಿನಾ ಎಲ್ಲರ ಜೊತೆ ಓಡಿದೆ, ಪಂದ್ಯದ ದಿನ ಮಾತ್ರ ಅವರ ಬ್ಯಾಗು ಕಾಯುತ್ತಾ ಕೂತೆ. ಕೋಚ್ ಸರ್ ನನ್ನನ್ನು ಕರೆಯುತ್ತಿದ್ದುದು 'ಎಕ್ಸ್‌ಟ್ರಾ' ಅಂತಲೇ.

ಕೊನೆಯ ವರ್ಷದ ಫೈನಲ್‌ಗೆ ಅರ್ಧ ಗಂಟೆ ಇರುವಾಗ ಒಬ್ಬಳ ಕಾಲು ಉಳುಕಿತು.

"ಎಕ್ಸ್‌ಟ್ರಾ, ಶೂ ಹಾಕ್ಕೋ!" ಎಂದರು ಸರ್. ಲೇಸನ್ನು ಅವರೇ ಬಗ್ಗಿ ಕಟ್ಟಿದರು.

ಪಂದ್ಯದ ಅಧಿಕಾರಿ ನನ್ನ ಐಡಿ ಕಾರ್ಡನ್ನು ಸರ್ ಕೊಟ್ಟಿದ್ದ ಪಟ್ಟಿಯ ಪಕ್ಕ ಹಿಡಿದರು. "ನಾಗವೇಣಿ ಅನ್ನೋ ಹೆಸರೇ ಇಲ್ಲ. ಐದನೆಯದು ಸುಮಿತ್ರಾ ಅಂತಿದೆ. ಪಟ್ಟಿಯಲ್ಲಿ ಇಲ್ಲದವರು ಓಡೋ ಹಾಗಿಲ್ಲ."

"ಸರ್, ಸುಮಿತ್ರಕ್ಕ ನಾನು ಸೇರಿದ ವರ್ಷವೇ ಕಾಲೇಜು ಬಿಟ್ರಲ್ಲ," ಎಂದೆ ಕೋಚ್ ಕಡೆ ತಿರುಗಿ.

ಸರ್ ನನ್ನ ಮುಖವನ್ನೇ ನೋಡಿದರು.

"ಅಂದ್ರೆ... ನೀನು ಸುಮಿತ್ರಾ ಅಲ್ವಾ?"