ಏಳನೇ ಲೈನಿನ ಕಿವಿಗಳು

"ಫೋನ್ ಇಡಿ! ಎಲ್ಲರೂ ಇಡಿ! ನನ್ನ ತಮ್ಮ ಅಲ್ಲಿ ಸಾಯ್ತಾ ಬಿದ್ದಿದ್ದಾನೆ!"

ರಾಗ್ನಾ ಹೀಗೆ ಕಿರುಚಿದ್ದು ಅದೇ ಮೊದಲ ಸಲವಲ್ಲ. ಆದರೂ ಏಳನೇ ಲೈನಿನಲ್ಲಿ ಒಬ್ಬರೂ ಫೋನ್ ಇಡಲಿಲ್ಲ.

ಡಕೋಟಾದ ಬಯಲಿನಲ್ಲಿ ಬೆಳಗಿನಿಂದ ಹಿಮಗಾಳಿ ಬೀಸುತ್ತಿತ್ತು. ಹೌಗ್‌ಸ್ಟಾಡ್ ಟೆಲಿಫೋನ್ ಕಂಪನಿ ಎಂದರೆ ಈ ನಡುಮನೆ, ಗೋಡೆಗೆ ಒರಗಿಸಿಟ್ಟ, ಕರೆಗಳನ್ನು ಜೋಡಿಸುವ ಸ್ವಿಚ್‌ಬೋರ್ಡ್, ಅದರ ಮುಂದೆ ಕೂರುವ ರಾಗ್ನಾ ಮತ್ತು ಕಂಬ ಹತ್ತುವ ಅವಳ ತಮ್ಮ ಸೆವರಿನ್. ಅಜ್ಜ ಹೊಲದ ಬೇಲಿಯ ತಂತಿಗೇ ಮಾತು ಕಟ್ಟಿ ಕಂಪನಿ ಶುರುಮಾಡಿದ್ದ. ಅಪ್ಪ ಕಂಬ ನೆಟ್ಟ. ಆ ಕಂಬಗಳಿಗೆ ಈಗ ವಯಸ್ಸಾಗಿತ್ತು. ಅವುಗಳಲ್ಲೊಂದು ಇವತ್ತು ಸೆವರಿನ್ ಮೇಲಿರುವಾಗಲೇ ಮುರಿದಿತ್ತು.

ತಂತಿಯೂ ಅವನ ಪಕ್ಕದಲ್ಲೇ ಬಿದ್ದಿದ್ದು ಪುಣ್ಯ. ಸೊಂಟದಲ್ಲಿದ್ದ, ಲೈನು ಪರೀಕ್ಷಿಸುವ ಕೈಫೋನನ್ನು ಅದಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದ್ದ. ಒಂದೇ ತಂತಿ ಹಂಚಿಕೊಂಡಿದ್ದ ಏಳನೇ ಲೈನಿನ ಮನೆಮನೆಯಲ್ಲೂ ಗಂಟೆ ಹೊಡೆಯಿತು.

"ಅಕ್ಕಾ, ಕಂಬ ಕಾಲ ಮೇಲೆ ಬಿದ್ದಿದೆ. ಅಲ್ಲಾಡಕ್ಕಾಗ್ತಿಲ್ಲ. ನಾನಿರೋದು..."

ಟಕ್. ಟಕ್. ಟಕ್. ಒಂದೊಂದೇ ಮನೆಯಲ್ಲಿ ಫೋನ್ ಎತ್ತುವ ಸದ್ದು. ಒಬ್ಬೊಬ್ಬರು ಎತ್ತಿದಂತೆಲ್ಲ ಅವನ ದನಿ ಕುಗ್ಗುತ್ತ ಹೋಯಿತು. ಒಂದೇ ತಂತಿಗೆ ಇಷ್ಟು ಜನ ಕಿವಿ ಕೊಟ್ಟರೆ ಇನ್ನೇನಾದೀತು? ಕಂಬದ ಹತ್ತಿರದ ಮನೆಯವರಿಗೆ ಹೇಗೋ ಕೇಳಿಸುತ್ತದೆ. ಊರಿನ ಬೋರ್ಡು ತಲುಪುವ ಹೊತ್ತಿಗೆ ಮಾತಿನಲ್ಲಿ ಉಸಿರೇ ಉಳಿದಿರುವುದಿಲ್ಲ.

ಎಲ್ಲಿದ್ದಾನೆಂಬುದನ್ನು ಅವಳಿಗೆ ಕೇಳಿಸಿಕೊಳ್ಳಲಾಗಲಿಲ್ಲ.

ಕದ್ದು ಕೇಳುವ ಈ ಚಾಳಿಯ ಜೊತೆ ಹೌಗ್‌ಸ್ಟಾಡ್ ಮನೆತನ ಮೂರು ತಲೆಮಾರಿನಿಂದ ಗುದ್ದಾಡುತ್ತಿತ್ತು. ಅಜ್ಜ ಮನೆಮನೆಗೆ ಹೋಗಿ ಬೈದು ಬಂದಿದ್ದ. ಅಪ್ಪ ಚರ್ಚಿನ ಬಾಗಿಲಲ್ಲಿ ನಿಂತು ಕೈಮುಗಿದಿದ್ದ. ಸೆವರಿನ್ ಮಾತ್ರ ನಕ್ಕುಬಿಡುತ್ತಿದ್ದ. "ಕೇಳ್ಕೊಳ್ಳಲಿ ಬಿಡಕ್ಕಾ. ಈ ಚಳೀಲಿ ಅವರಿಗೆ ಮಾತಾಡೋರಾದ್ರೂ ಯಾರಿದ್ದಾರೆ?"

ಈಗ ಅವರೇ ಅವನ ಪ್ರಾಣ ಹಿಂಡುತ್ತಿದ್ದರು.

ಇನ್ನೊಂದು ಲೈನಿನಲ್ಲಿ ಡಾಕ್ಟರ್ ಲಿಂಡ್ ಕಾಯುತ್ತಿದ್ದರು. "ಗಾಡಿ ಶುರುಮಾಡಿ ನಿಲ್ಲಿಸಿದ್ದೀನಮ್ಮಾ. ಎಲ್ಲಿಗೆ ಅಂತ ಹೇಳು."

"ಗೊತ್ತಿಲ್ಲ ಡಾಕ್ಟ್ರೇ. ಏಳನೇ ಲೈನಲ್ಲಿ."

"ಏಳನೇ ಲೈನು ಅಂದ್ರೆ ಒಂದು ಸೀಮೆ ಕಣಮ್ಮಾ! ಈ ಗಾಳೀಲಿ ಮುಂದಿನ ಚಕ್ರಾನೇ ಕಾಣ್ತಿಲ್ಲ. ದಿಕ್ಕು ತಪ್ಪಿದ್ರೆ ನಾನೂ ಹೋದೆ, ಅವನೂ ಹೋದ."

ಅವಳು ಹಿಡಿಕೆ ತಿರುಗಿಸಿದಳು. ಎತ್ತಿದ ಫೋನುಗಳಲ್ಲಿ ಗಂಟೆಯೂ ಸರಿಯಾಗಿ ಹೊಡೆಯದು. ಎದ್ದು ಓಡೋಣವೆಂದರೆ ಬೋರ್ಡು ಬಿಡುವಂತಿಲ್ಲ. ತಮ್ಮ ಮತ್ತೆ ಕರೆದರೆ ಓಗೊಡುವವರು ಯಾರು? ಊರಿನ ತಂತಿಗಳೆಲ್ಲ ಅವಳ ಕೈಯಲ್ಲೇ ಇದ್ದವು. ಅವನಿಗೊಂದು ಕಂಬಳಿ ಹೊದಿಸುವುದು ಅವಳಿಂದಾಗುತ್ತಿರಲಿಲ್ಲ.

"ಅಕ್ಕಾ... ಚಳಿ..." ದೂರದಿಂದ, ಬಾವಿಯ ತಳದಿಂದ ಬಂದಂತೆ ಒಂದು ದನಿ.

"ಸೆವರಿನ್! ನಿದ್ದೆ ಮಾಡ್ಬೇಡ ಕಣೋ! ಯಾರ ಹೊಲದ ಹತ್ರ ಇದ್ದೀಯ? ಒಂದೇ ಒಂದು ಹೆಸರು ಹೇಳೋ!"

ರಾಗ್ನಾ ಫೋನನ್ನು ಕಿವಿಗೆ ಒತ್ತಿಕೊಂಡಳು.

ಬೇರೆಯವರ ಮನೆಯ ಸದ್ದುಗಳು ಮಾತ್ರ ಕೇಳುತ್ತಲೇ ಇದ್ದವು. ಟಿಕ್, ಸ್ವಲ್ಪ ತಡೆದು ಟಕ್, ಕುಂಟುವ ಆ ಗಡಿಯಾರ ಗುಡ್ರುನ್ ಬ್ರೆಕ್ಕೆಯದು, ಊರಿಗೇ ಗೊತ್ತು. ಯಾರದೋ ರೇಡಿಯೋ ಹಂದಿಯ ಧಾರಣೆ ಓದುತ್ತಿತ್ತು. ಇನ್ಯಾರದೋ ಒಲೆಯ ಮೇಲೆ ಕೆಟಲು ಸಿಳ್ಳೆ ಹಾಕುತ್ತಲೇ ಇತ್ತು, ಇಳಿಸುವ ಮನಸ್ಸೂ ಆ ಮನೆಯವರಿಗಿರಲಿಲ್ಲ. ಇನ್ನೊಂದು ಮನೆಯಲ್ಲಿ ಏನೋ ಗೋಡೆಗೆ ಬಡಿದು, ತಡೆದು, ಮತ್ತೆ ಮೆಲ್ಲಗೆ ಬಡಿಯುತ್ತಿತ್ತು.

"ಗುಡ್ರುನಮ್ಮಾ, ನಿಮ್ಮ ಗಡಿಯಾರ ನನಗೆ ಕೇಳ್ತಿದೆ! ಸುಮ್ನೆ ನಿಂತು ಕೇಳ್ತಿದ್ದೀರಲ್ಲಾ, ನಾಚಿಕೆ ಆಗಲ್ವಾ? ನಿಮ್ಮ ಮಗನ ಮದುವೆ ದಿನ ನಿಮ್ಮನೆ ಹತ್ರದ ಕಂಬ ಬಿದ್ದಾಗ ಜ್ವರ ಇದ್ರೂ ಹೋಗಿ ನಿಲ್ಲಿಸಿ ಬಂದಿದ್ದು ಇವನೇ ಅಲ್ವಾ?"

ಟಿಕ್. ಟಕ್. ಒಂದು ಕೆಮ್ಮಿಲ್ಲ, ಒಂದು ನಿಟ್ಟುಸಿರಿಲ್ಲ. ಕಲ್ಲಿನ ಹಾಗೆ ನಿಂತಿದ್ದಾರೆ, ಪಾಪಿಗಳು.

ಅವಳು ಅತ್ತಳು, ಬೈದಳು, ಕೊನೆಗೆ ಬೇಡಿದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಇಡಿ. ಇನ್ಮೇಲೆ ಏನು ಬೇಕಾದ್ರೂ ಕೇಳ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ. ಈ ಒಂದು ಸಲ ಇಟ್ಬಿಡಿ."

ಯಾರೂ ಇಡಲಿಲ್ಲ. ಕಿಟಕಿಯ ಹೊರಗೆ ಬಿಳುಪು ಬಿಟ್ಟು ಏನೂ ಇರಲಿಲ್ಲ. ಡಾಕ್ಟರು ಕಾಯುತ್ತಲೇ ಇದ್ದರು. ರಾಗ್ನಾ ಬೋರ್ಡಿಗೆ ಹಣೆ ಒತ್ತಿ ಕೂತಳು. ತಮ್ಮ ಹೋದನೆಂದು ಮನಸ್ಸು ಒಪ್ಪಿಕೊಳ್ಳತೊಡಗಿತ್ತು.

ಆಗ ತಂತಿಯಲ್ಲಿ ಗಾಳಿ ಮೊರೆಯಿತು. ಆ ಗಾಳಿಯ ನಡುವೆ, ಮೂರು ಹೊಲದಾಚೆಗೂ ಕೇಳುವಂಥ ಹೆಂಗಸಿನ ಗಂಟಲು, ಏದುಸಿರು ಬಿಡುತ್ತ.

"ರಾಗ್ನಾ! ನಾನು ಗುಡ್ರುನ್ ಕಣೇ! ಸೆವರಿನ್ ಕೈಫೋನಿಂದ ಕೂಗ್ತಿದ್ದೀನಿ! ಕಂಬ ಎತ್ತಿದ್ರು! ಕಾಲು ಮುರಿದಿದೆ, ಜೀವ ಗಟ್ಟಿ ಇದೆ! ಡಾಕ್ಟರನ್ನ ನಮ್ಮ ಮನೆಗೆ ಕಳಿಸು!"

ರಾಗ್ನಾ ಆ ಮಾತನ್ನು ಡಾಕ್ಟರಿಗೆ ದಾಟಿಸಿದಳು. ಮತ್ತೆ ಏಳನೇ ಲೈನಿಗೆ ಬಂದು ಗಂಟಲು ಹರಿಯುವಂತೆ ಕೂಗಿದಳು. "ಅರ್ಧಂಬರ್ಧ ಕೇಳ್ತಿದೆ ಗುಡ್ರುನಮ್ಮಾ! ಆ ಕದ್ದು ಕೇಳೋರಿಗೆಲ್ಲ ಮೊದಲು ಫೋನ್ ಇಡೋಕೆ ಹೇಳಿ!"

"ಇಡೋಕೆ ಮನೇಲಿ ಯಾರಿದ್ದಾರೆ ಹೇಳು? ಅವನ ಕೂಗು ಕೇಳಿದ್ದೇ ಫೋನ್ ಕೈಬಿಟ್ಟು ಓಡಿ ಬಂದ್ವಿ. ಇಡೀ ಲೈನು ಇಲ್ಲೇ ನಿಂತಿದೆ ಕಣೇ!"