ವಾರಕ್ಕೊಂದು ಹೊಸದು

ಒಪ್ಪಿ ಬೇರೆಯಾಗುವವರೂ ಆರು ತಿಂಗಳು ಕಾಯಬೇಕು ಎಂದಿತು ನ್ಯಾಯಾಲಯ. ಹೆಂಡತಿ ತವರಿಗೆ ಹೋದಳು. ಶುರು ಮಾಡಿದ್ದನ್ನು ನಾನು ಯಾವತ್ತೂ ಮುಗಿಸುವುದಿಲ್ಲ ಎಂಬುದು ಅವಳ ದೂರು. ಸುಳ್ಳೆಂದು ತೋರಿಸಲು ವಾರಕ್ಕೊಂದು ಹೊಸದು ಕಲಿಯಲು ಹೊರಟೆ.

ಮೊದಲ ವಾರ ಈಜು. ಸೊಂಟದ ಮಟ್ಟದ ನೀರಿನಲ್ಲಿ ಮುಳುಗುತ್ತಿದ್ದವನನ್ನು ಒಂದನೇ ತರಗತಿಯ ಹುಡುಗಿ ಕೈಹಿಡಿದು ಎತ್ತಿದಳು. ಎರಡನೇ ವಾರ ಕೊಳಲು. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮೂರನೇ ವಾರ ಅಕ್ಕಿರೊಟ್ಟಿ ತಟ್ಟುವಾಗ ಬೆರಳು ಸುಟ್ಟುಕೊಂಡು, ಅವಳಿಗೇ ಫೋನು ಮಾಡಿದೆ.

"ಕಾದ ಬಾಣಲೆಗೆ ತಟ್ಟಿದ್ರಾ? ತಣ್ಣಗಾದ್ಮೇಲೆ ತಟ್ಬೇಕು."

"ಬಿಡು, ಮುಂದಿನ ವಾರ ಹೊಲಿಗೆ ಕಲೀತೀನಿ."

ಅಲ್ಲಿಂದಾಚೆ ಪ್ರತಿ ಭಾನುವಾರ ಫೋನು ಮಾಡಿ, ಆ ವಾರ ಏನನ್ನು ಬಿಟ್ಟೆನೆಂದು ಅವಳಿಗೆ ವರದಿ ಒಪ್ಪಿಸುವುದು ಅಭ್ಯಾಸವಾಯಿತು. ಅದೊಂದನ್ನು ಮಾತ್ರ ನಾನು ಬಿಡಲಿಲ್ಲ.

ಗಡುವು ಮುಗಿಯಿತು. ನ್ಯಾಯಾಧೀಶರು ಕೇಳಿದರು, "ಇಬ್ಬರ ನಿರ್ಧಾರವೂ ಹಾಗೇ ಇದೆಯಾ?"

ಇದನ್ನಾದರೂ ಮುಗಿಸಿ ತೋರಿಸೋಣವೆಂದು ಎದೆಯುಬ್ಬಿಸಿ, "ಇದೆ ಸ್ವಾಮಿ" ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ಈಜು ಬಿಟ್ರಿ, ಕೊಳಲು ಬಿಟ್ರಿ, ರೊಟ್ಟಿನೂ ಬಿಟ್ರಿ. ಇದೊಂದನ್ನೇ ಯಾಕ್ರೀ ಮುಗಿಸ್ಬೇಕು?"